ಮಡಿಲ ಮೇಲಿನ ಹಾಸ್ಟೆಲ್

ಮಾನ್ಯ ಕುಲಸಚಿವರೇ,

ವಾಸ್ತುಶಿಲ್ಪ ವಿಭಾಗದ ಬಾಗಿಲಿಗೆ ತಾವು ಅಂಟಿಸಿದ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಹಾಸ್ಟೆಲ್‌ನಲ್ಲಿರುವವರು ಕಟ್ಟಡದ ಮಾದರಿಗಳನ್ನು ರಾತ್ರಿ ಸ್ಟುಡಿಯೊದಲ್ಲೇ ಬಿಡಬಹುದಂತೆ. ಮನೆಯಿಂದ ಬಂದುಹೋಗುವವರು ಮಾತ್ರ ‘ಭದ್ರತೆಯ ದೃಷ್ಟಿಯಿಂದ’ ಪ್ರತಿ ಸಂಜೆ ಹೊತ್ತೊಯ್ಯತಕ್ಕದ್ದಂತೆ. ರಟ್ಟು, ಅಂಟು, ಮರದ ಕಡ್ಡಿಗಳ ಕಟ್ಟಡದಿಂದ ಯಾರಿಗೆ ಕುತ್ತು ಸ್ವಾಮಿ? ಮನೆಯಲ್ಲಿ ಮಲಗುವವರ ರಟ್ಟಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆಯೇ?

ಹಾಗಾದರೆ ಹಾಸ್ಟೆಲ್ ಸೇರು ಎನ್ನುತ್ತೀರಿ. ತಮ್ಮ ಗುಮಾಸ್ತರೂ ಅದನ್ನೇ ಅಂದರು: “ಎಲ್ರೂ ಸೇರ್ತಾರೆ, ನಿಂಗೇನಮ್ಮಾ ಕಷ್ಟ?” ಹೇಳಿಯೇಬಿಡುತ್ತೇನೆ. ಅಪ್ಪ ಏಣಿಯಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬೆನ್ನಿನಲ್ಲಿ ಹುಣ್ಣಾಗದಂತೆ ರಾತ್ರಿ ಆಗಾಗ ಮಗ್ಗುಲು ಹೊರಳಿಸಬೇಕು. ಅಮ್ಮ ಒಬ್ಬಳ ಕೈಲಿ ಆಗುವುದಿಲ್ಲ. ಇದರಲ್ಲಿ ತ್ಯಾಗವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಇನ್ನೊಂದು ಜೊತೆ ಕೈ ಬೇಕು, ಅಷ್ಟೇ.

ಈ ಸಲ ನಮಗೆ ಕೊಟ್ಟ ವಿಷಯ ಯಾವುದು ಗೊತ್ತೇ? ವಿದ್ಯಾರ್ಥಿನಿಲಯದ ವಿನ್ಯಾಸ! ಒಂದು ರಾತ್ರಿಯೂ ಮಲಗದ ಹಾಸ್ಟೆಲ್ಲನ್ನು ಮಡಿಲಲ್ಲಿಟ್ಟುಕೊಂಡು ನಾನು ದಿನಾ ಊರು ಸುತ್ತುತ್ತಿದ್ದೇನೆ. ಬಸ್ಸಿನವರಿಗೆಲ್ಲ ಅದರ ಗುರುತು ಸಿಕ್ಕಿದೆ. ಕಂಡಕ್ಟರ್, “ಬಿಲ್ಡಿಂಗ್ ಬಂತು, ಜಾಗ ಬಿಡ್ರಪ್ಪಾ” ಎಂದು ಕೂಗುತ್ತಾರೆ. ಸೀಟು ಸಿಗದ ದಿನ, ಆಸ್ಪತ್ರೆಯಲ್ಲಿ ಆಯಾ ಆಗಿರುವ ಅಕ್ಕನೊಬ್ಬರು ಅದನ್ನು ತಮ್ಮ ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಕಿಟಕಿಗಳಲ್ಲೆಲ್ಲ ಇಣುಕಿ ನೋಡಿ ಕೇಳಿದರು: “ಇದ್ರಲ್ಲಿ ನಿನ್ ರೂಮ್ ಯಾವ್ದಮ್ಮಾ?”

ಅವರು ತಮಾಷೆಗೆ ಕೇಳಿರಲಿಲ್ಲ. ಮರುದಿನವೇ ಗೇಟಿನ ಪಕ್ಕ, ನೆಲಮಹಡಿಯಲ್ಲಿ, ಮನೆಯಿಂದ ಬಂದುಹೋಗುವವರಿಗೆಂದು ಒಂದು ಕೋಣೆ ಸೇರಿಸಿದೆ. ಒಂದು ಬೆಂಚು, ಗೋಡೆಯುದ್ದಕ್ಕೂ ಅಗಲವಾದ ಕಪಾಟು. ಅಷ್ಟು ಖುಷಿಯಿಂದ ನಾನು ಏನನ್ನೂ ಕಟ್ಟಿರಲಿಲ್ಲ.

ಮೌಲ್ಯಮಾಪನದ ಬೆಳಗ್ಗೆ ಬಸ್ಸು ಗಕ್ಕನೆ ನಿಂತಿತು. ಯಾರದೋ ಮೊಣಕೈ ಮೇಲಿನ ಎರಡು ಮಹಡಿಗಳನ್ನು ಅಪ್ಪಚ್ಚಿ ಮಾಡಿತು. ಅಕ್ಕ ತಮ್ಮ ಚೀಲದಿಂದ ಗಾಯಕ್ಕೆ ಕಟ್ಟುವ ಪಟ್ಟಿ ಹರಿದು ಕೊಟ್ಟರು: “ಅಳೋದು ಆಮೇಲೆ, ಮೊದ್ಲು ಇದನ್ನ ಸುತ್ತು.” ಬ್ಯಾಂಡೇಜು ಕಟ್ಟಿಕೊಂಡ ಕಟ್ಟಡ ನೋಡಿ ಪರೀಕ್ಷಕರು ನಕ್ಕರು, ಶ್ರದ್ಧೆ ಸಾಲದು ಎಂದರು. ಸಾಲದ್ದಕ್ಕೆ ಗೇಟಿನ ಪಕ್ಕದ ಕೋಣೆಗೆ ಬೆರಳಿಟ್ಟು, “ಇದನ್ನ ಯಾರು ಕೇಳಿದ್ರು? ತೆಗೆದುಹಾಕಿ” ಎಂದರು. ಮುಂದಿನ ವಾರ ಹೊಸದಾಗಿ ಕಟ್ಟಿ ತರಬೇಕು. ಅದೂ ದಾರಿಯಲ್ಲಿ ಮುರಿದರೆ ನನ್ನ ಒಂದು ವರ್ಷ ನೀರುಪಾಲು. ಆಗಲೂ ತಮ್ಮ ಭದ್ರತೆ ಮಾತ್ರ ಭದ್ರವಾಗಿರುತ್ತದೆ, ಅಲ್ಲವೇ?

ಇದನ್ನೂ ಬಸ್ಸಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ಹೊಸ ಮಾದರಿ ಅಕ್ಕನ ಮಡಿಲಲ್ಲಿದೆ, ಹಾಗಾಗಿ ಒಂದು ಕೈ ಖಾಲಿ. ಪ್ರತಿ ತಿರುವಿನಲ್ಲೂ ತಲೆಯೆತ್ತಿ ನೋಡುತ್ತೇನೆ, ಮತ್ತೆ ಬರೆಯುತ್ತೇನೆ. ನಾನು ಹಾಸ್ಟೆಲ್ ಕೇಳುತ್ತಿಲ್ಲ, ಮಂಚ ಕೇಳುತ್ತಿಲ್ಲ. ಸ್ಟುಡಿಯೊದ ಖಾಲಿ ಕಪಾಟುಗಳಲ್ಲಿ ಒಂದನ್ನು ಈ ವಾರವೇ ಬಿಟ್ಟುಕೊಡಿ. ಬೀಗ ನಾನೇ ತರುತ್ತೇನೆ.

ಆ ಕೋಣೆಯನ್ನು ಮಾತ್ರ ತೆಗೆಯಲಾರೆ. ಅದೇ ನನ್ನ ರೂಮು ಎಂದು ಅಕ್ಕನಿಗೆ ತೋರಿಸಿಬಿಟ್ಟಿದ್ದೇನೆ.

ಇಂತಿ,
ಸಂಜೆಯಾದ ಮೇಲೆ ತಮ್ಮ ಲೆಕ್ಕದಲ್ಲಿಲ್ಲದ
ತಮ್ಮದೇ ವಿದ್ಯಾರ್ಥಿನಿ