ಇಸಿಜಿ ಯಂತ್ರ ಕೆಟ್ಟ ದಿನ

ಹುಣಸೂರು
ಭಾನುವಾರ, 19-6-2005

ಚಿ|| ಹೇಮಶ್ರೀಗೆ ನಿನ್ನ ತಂದೆ ಕಂಠಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡವಾಯಿತೆಂದು ಬೇಜಾರಾಗಬೇಡ ಮಗಳೇ. ಮದುವೆ ಕಾಲ, ಅಂಗಡಿಯಲ್ಲಿ ಸೀರೆ ಮಡಚಿ ಮುಗಿಯುತ್ತಿಲ್ಲ ಎಂದು ಬರೆಯಬಹುದಿತ್ತು. ನಿಜವೆಂದರೆ, ಏನು ಬರೆಯಬೇಕೋ ತೋಚಲಿಲ್ಲ.

ಇಂಜಿನಿಯರಿಂಗ್ ಮುಗಿಸಿ, ಆಸ್ಪತ್ರೆ ಯಂತ್ರಗಳ ರಿಪೇರಿಯ ಒಳ್ಳೆಯ ಕೆಲಸ ಹಿಡಿದವಳು, ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಮತ್ತೆ ಸಿಇಟಿ ಬರೆದು ಮೆಡಿಕಲ್ ಸೇರಿದೆಯಲ್ಲ, ಆವತ್ತಿನಿಂದ ನನಗೆ ಅನುಮಾನ. ಯಾರೋ ಡಾಕ್ಟರ್ ಹುಡುಗನಿರಬೇಕು ಎಂದು ನಿನ್ನ ಸೋದರಮಾವ ನಂಜುಂಡೇಶನನ್ನು ಮೈಸೂರಿಗೆ ಕಳಿಸಿ ವಿಚಾರಿಸಿದೆ. ಕೋಪ ಮಾಡಿಕೊಳ್ಳಬೇಡ. ಅವನು ಬಂದು, “ಯಾರೂ ಇಲ್ಲ ಕಣ್ ಭಾವ. ಅವ್ಳು ಕೆಟ್ಟೋದ್ ಮಿಸೀನ್ ಬಿಚ್ಕಂಡ್ ಕೂತಿದ್ಲು. ಡಾಕ್ಟ್ರುಗಳೇ ಸುತ್ತ ನಿಂತ್ಕಂಡ್ ನೋಡ್ತಿದ್ರು” ಅಂದ. ಹೆಮ್ಮೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಈಗ ನಿನ್ನ ಕಾಗದಗಳಲ್ಲಿ ನನ್ನ ಯೋಗಕ್ಷೇಮ ಒಂದು ಸಾಲು, ಉಳಿದದ್ದೆಲ್ಲ ಪ್ರಶ್ನೆ. ಅಮ್ಮ ತೀರಿಕೊಂಡ ದಿನ ಎದೆನೋವು ಎಷ್ಟು ಹೊತ್ತಿಗೆ ಶುರುವಾಯಿತು? ಎಡಗೈಗೆ ಹರಿದಿತ್ತೇ? ಬೆವರಿದ್ದಳೇ? ಹೆತ್ತ ತಂದೆಯನ್ನು ಪೊಲೀಸಿನವರು ಕೇಳುವ ಹಾಗೆ ಕೇಳುತ್ತೀಯ.

ಮೊನ್ನೆ, ಅವತ್ತು ಅಮ್ಮನನ್ನು ಕರೆದೊಯ್ದಿದ್ದ ನರ್ಸಿಂಗ್ ಹೋಮಿನ ಹಳೇ ಕಾಂಪೌಂಡರ್ ಅಂಕಯ್ಯ ಅಂಗಡಿಗೆ ಬಂದಿದ್ದ. “ಸಾವ್ಕಾರ್ರೇ, ನಿಮ್ಮ ಮಗ್ಳು ಹೋದ್ವಾರ ಬಂದಿದ್ರು. ತೊಂಬತ್ತಾರ್ನೇ ಇಸ್ವೀಲಿ ಇಸಿಜಿ ಮಿಸೀನು ಯಾವತ್ತು ಕೆಟ್ಟಿತ್ತು ಅಂತ ಕೇಳುದ್ರು. ಗ್ಯಾಪ್ಕ ಇಲ್ಲ ಕಣವ್ವ ಅಂದೆ” ಅಂದ.

“ಇನ್ನೇನ್ ಕೇಳುದ್ಲು?” ಅಂದೆ.

ಅವನು ನನ್ನ ಮುಖವನ್ನೇ ನೋಡಿದ. “ಯಾಕ್ರೀ, ಇನ್ನೇನಾರ ಇತ್ತಾ?”

ಹುಣಸೂರಿಗೆ ಬಂದೂ ಮನೆಗೆ ಬಾರದೆ ಹೋದೆ. ನನಗೆ ಅರ್ಥವಾಯಿತು.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣ ಒಳ್ಳೆಯದಾಗಲಿ, ನಂಜುಂಡೇಶ್ವರ ನಿನ್ನನ್ನು ಕಾಯಲಿ.

ಇಂತಿ ನಿನ್ನ ತಂದೆ,
ಕಂಠಪ್ಪ

ತಾ.ಕ.: ಯಂತ್ರ ಕೆಟ್ಟಿರಲಿಲ್ಲ ಮಗಳೇ. ನಾವು ನರ್ಸಿಂಗ್ ಹೋಮಿಗೆ ಮುಟ್ಟುವಷ್ಟರಲ್ಲಿ ಅಮ್ಮನ ಉಸಿರೇ ನಿಂತಿತ್ತು. ನೀನು ಕಾಲೇಜಿನಿಂದ ಓಡಿ ಬಂದು, “ಯಾಕಪ್ಪಾ ಉಳಿಸ್ಕಳಕ್ಕಾಗ್ನಿಲ್ಲ?” ಎಂದು ಅತ್ತಾಗ ಬಾಯಿಗೆ ಬಂದ ಸುಳ್ಳು ಅದು. ಅದನ್ನು ನಂಬಿ ನೀನು ಯಂತ್ರ ರಿಪೇರಿ ಕಲಿಯಲು ಹೋದೆ. ನಾನು ತಡೆಯಲಿಲ್ಲ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೇ ನಿನ್ನ ಅಮ್ಮ ಗುರುಶಾಂತಮ್ಮ ಅಂಗಡಿಗೆ ಬಂದು, “ಎದೆ ಹಿಡ್ಕಂಡಂಗಾಯ್ತದೆ ಕಣ್ರೀ, ಆಸ್ಪತ್ರೆಗೆ ಹೋಗನ” ಅಂದಳು. ಪಿರಿಯಾಪಟ್ಟಣದ ಮದುವೆಯವರು ಧಾರೆ ಸೀರೆ ನೋಡುತ್ತಿದ್ದರು. “ಗ್ಯಾಸು ಕಣೆ, ಸೋಡಾ ಕುಡಿ” ಅಂದೆ. ಅವಳು ಮತ್ತೆ ಕೇಳಲಿಲ್ಲ. ನಾನು ಮೂರು ಗಂಟೆಗೆ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಬಿದ್ದಿದ್ದಳು. ನನ್ನ ಊಟಕ್ಕೆ ಮುದ್ದೆ ಕಟ್ಟಿಟ್ಟಿದ್ದಳು.