ಶಹಾತನ ಕಾರ್ಡು

ಬಕೋಸ್, ಅಲೆಕ್ಸಾಂಡ್ರಿಯಾ
೧೪ ನವೆಂಬರ್

ನನ್ನ ಕಣ್ಣ ಬೆಳಕೇ, ಮಗಳೇ ಇನ್ಸಾಫ್,

ನಿನಗೂ ಅಳಿಯನಿಗೂ ಮಕ್ಕಳಿಗೂ ದೇವರು ನೆಮ್ಮದಿ ಕೊಟ್ಟಿರಲಿ. ಬರೆಯಲು ತಡವಾಯಿತು, ಕ್ಷಮಿಸು. ನೀನು ಮುನಿಸಿಕೊಂಡು ಮನ್ಸೂರಾಕ್ಕೆ ಹೊರಟ ಮೇಲೆ ಎಷ್ಟೋ ಸಲ ಕಾಗದ ಹಿಡಿದು ಕೂತೆ, ಎದ್ದೆ. ಫೋನು ಮಾಡಬಹುದಿತ್ತು. ಆದರೆ ಈಗ ನನ್ನ ಫೋನೆಂದರೆ ನಿನಗೆ ನಂಬಿಕೆಯಿಲ್ಲ. ನನ್ನ ಈ ಸೊಟ್ಟ ಅಕ್ಷರ ಕದಿಯುವವನು ಮಾತ್ರ ಇನ್ನೂ ಹುಟ್ಟಿಲ್ಲ.

"ಅಮ್ಮಾ, ನಿನಗೆ ಅರಳು ಮರಳು. ನಿನ್ನ ಕಾರ್ಡೂ ಫೋನೂ ಇನ್ನು ನನ್ನ ಹತ್ತಿರ ಇರಲಿ" ಅಂದೆಯಲ್ಲ, ಅದು ಇನ್ನೂ ಕಿವಿಯಲ್ಲಿದೆ. ಸಿಟ್ಟು ಮಾಡಬೇಡ ಅನ್ನಲಾರೆ. ಅಮ್ಮ ಬಿದ್ದು ಆಸ್ಪತ್ರೆಯಲ್ಲಿದ್ದಾಳೆಂದು ಬಳೆ ಮಾರಿ ಹಣ ಕಳಿಸಿ, ವಾರ್ಡು ವಾರ್ಡು ಹುಡುಕಿದವಳು ನೀನು. ನಾನೋ ಮನೆಯಲ್ಲಿ ಕೂತು ಮುಲೂಖಿಯಾ ಸೊಪ್ಪು ಹೆಚ್ಚುತ್ತಿದ್ದೆ.

ಠಾಣೆಯ ಅಧಿಕಾರಿ ಬಿಡಿಸಿ ಹೇಳಿದ ಮೇಲೆ ಎಲ್ಲ ಅರ್ಥವಾಯಿತು. ಅಪ್ಪನ ಸಾವಿಗೆ ಕುರ್ಚಿ, ಶಾಮಿಯಾನ ತಂದದ್ದು ನೆನಪಿದೆಯಾ? ಬಾಡಿಗೆ ಅಂಗಡಿಯ ಮಾಲೀಕ ಮಿತ್ವಲ್ಲಿ ಎಂದಿನ ಹಾಗೆ ಒತ್ತೆಗೆ ಒಂದು ಗುರುತಿನ ಕಾರ್ಡು ಕೇಳಿದ. ನಾನು ನನ್ನದು ಹುಡುಕುತ್ತಿದ್ದೆ. ಪಕ್ಕದ ಮನೆಯ ಉಮ್ ಬಹೀಗಾ, "ನಿನ್ನದು ಪಿಂಚಣಿ ಕೆಲಸಕ್ಕೆ ಬೇಕಾಗುತ್ತೆ ಕಣೇ. ನಿನ್ನ ಗಂಡ ಶಹಾತನದ್ದು ಕೊಡು. ಸ್ವರ್ಗದ ಬಾಗಿಲಲ್ಲೇನು ಪೊಲೀಸರು ನಿಂತು ಕಾರ್ಡು ಕೇಳ್ತಾರಾ?" ಅಂದಳು. ಅಳುವಿನ ನಡುವೆಯೂ ನಕ್ಕೆವು. ಕೊಟ್ಟೆವು.

ಮಿತ್ವಲ್ಲಿಯ ಡ್ರಾಯರಿನಲ್ಲಿ ಯಾರೋ ಅದರ ಎರಡೂ ಮಗ್ಗುಲ ಫೋಟೊ ತೆಗೆದಿದ್ದಾರೆ. ಕೇಳಿದರೆ ಅವನು ಎದೆ ಬಡಿದುಕೊಂಡ: "ಉಮ್ ಇನ್ಸಾಫ್, ಇನ್ಸಾಫಳ ತಾಯೀ, ಇಡೀ ಬೀದಿಯ ಕಾರ್ಡು ನನ್ನ ಹತ್ರ ಮಲಗಿರುತ್ತೆ. ನಾನು ಕಳ್ಳ ಆಗಿದ್ರೆ ಈ ಹರಕು ಕುರ್ಚಿ ಯಾಕೆ ಹೊರ್ತಿದ್ದೆ?" ಅದೂ ನಿಜವೇ. ಯಾರೆಂದು ಇನ್ನೂ ಹುಡುಕುತ್ತಿದ್ದಾರೆ.

ಆ ಫೋಟೊ ತೋರಿಸಿ ಕಳ್ಳರು ಅಪ್ಪನ ನಂಬರಿಗೆ ಹೊಸ ಸಿಮ್ ತೆಗೆಸಿದ್ದಾರೆ. ಅಪ್ಪನ ಫೋನನ್ನು ನಾನು ದಿನವೂ ಚಾರ್ಜಿಗೆ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ಅದರಲ್ಲಿ ಸಿಗ್ನಲ್ಲೇ ಇರಲಿಲ್ಲ. ಹಳೆಯದಾಯಿತು ಅಂದುಕೊಂಡೆ. ಅಂದೇ ಕಂಪನಿಯವರನ್ನು ಕೇಳಬೇಕಿತ್ತಂತೆ. ಆಮೇಲೆ ಅಪ್ಪನ ಹೆಸರಿನಿಂದ ನನಗೆ ಸಂದೇಶ ಬಂತು: ನಿನ್ನ ಫೋನಿಗೆ ಆರು ಅಂಕಿ ಬರುತ್ತೆ, ಕಳಿಸು. ಕಳಿಸಿದೆ. ನನ್ನ ವಾಟ್ಸಾಪು ಅವರ ಪಾಲಾಯಿತು. ಅದರಿಂದ ನಿನ್ನನ್ನು "ಮಗಳೇ" ಅಂತ ಕರೆದು, ಬಿದ್ದಿದ್ದೇನೆ ಎಂದು ಹಣ ಕೇಳಿದ್ದು ನಾನಲ್ಲ.

"ಸತ್ತವರ ಹೆಸರು ಕದಿಯೋದು ಸುಲಭ, ಅಮ್ಮಾ. ಅವರು ಬಂದು ದೂರು ಕೊಡಲ್ಲ" ಅಂದ ಅಧಿಕಾರಿ.

ಈಗ ಕಲಿತಿದ್ದೇನೆ. ಕಾರ್ಡನ್ನು ಒತ್ತೆಗೆ ಬಿಡುವುದಿಲ್ಲ, ಕೇಳಿದವನ ಮುಂದೆ ಹಿಡಿದು ತೋರಿಸಿ ಚೀಲಕ್ಕೆ ಹಾಕುತ್ತೇನೆ. ಜೆರಾಕ್ಸ್ ಕೊಡಲೇಬೇಕಾದರೆ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆಂದೂ ತಾರೀಕೂ ಅದರ ಮೇಲೇ ಬರೆಯುತ್ತೇನೆ. ನನ್ನ ಹೆಸರಲ್ಲಿ ಎಷ್ಟು ಸಿಮ್ ಇವೆಯೆಂದು ಕಂಪನಿಯಲ್ಲಿ ಕೇಳಿ ಬಂದೆ. ಒಂದೇ ಇದೆ. ಆರು ಅಂಕಿಯನ್ನು ನೀನು ಕೇಳಿದರೂ ಹೇಳುವುದಿಲ್ಲ. ನನ್ನ ಹೆಸರಲ್ಲಿ ಯಾರಾದರೂ ಹಣ ಕೇಳಿದರೆ, ಅಪ್ಪ ಟ್ರಾಮಿನಲ್ಲಿ ಟಿಕೆಟ್ ಕೊಡುವಾಗ ಏನೆಂದು ಕೂಗುತ್ತಿದ್ದ ಅಂತ ಕೇಳು. ಅದು ಯಾವ ಕಾರ್ಡಿನಲ್ಲೂ ಇಲ್ಲ. ಉಮ್ ಬಹೀಗಾ ಅಂತೂ ತನ್ನ ಕಾರ್ಡನ್ನು ಎದೆಯೊಳಗೆ ಸಿಕ್ಕಿಸಿಕೊಂಡಿದ್ದಾಳೆ. "ಇಲ್ಲಿಗೆ ಕೈ ಹಾಕೋ ಗಂಡು ಹುಟ್ಟಲಿ ನೋಡೋಣ" ಅನ್ನುತ್ತಾಳೆ.

ಆದ್ದರಿಂದ ಮಗಳೇ, ನನ್ನ ಕಾರ್ಡು ನನ್ನಲ್ಲೇ ಇರಲಿ. ಐವತ್ತು ದಾಟಿದ ಮೇಲೆ ಅದನ್ನು ಮಾಡಿಸಿಕೊಂಡವಳು ನಾನು. ವಯಸ್ಕರ ತರಗತಿಗೆ ಹೋಗಿ ಅಕ್ಷರ ಕಲಿತು, ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ದಿನ ಅಪ್ಪ ಬೀದಿಗೆಲ್ಲ ಬಸ್ಬೂಸಾ ಸಿಹಿ ಹಂಚಿದ್ದ.

ದೇವರು ನಿನ್ನ ಮನೆಯ ಬಾಗಿಲನ್ನೂ ನಿನ್ನ ಹೆಸರನ್ನೂ ಕಾಯಲಿ. ಮಕ್ಕಳ ಹಣೆಗೆ ನನ್ನ ಮುತ್ತು.

ನಿನ್ನ ಅಮ್ಮ
ವಗೀದಾ

ಮರೆತ ಮಾತು: ಗೊತ್ತಿಲ್ಲದೆ ಮೋಸ ಹೋದೆ ಎಂದು ಅಧಿಕಾರಿಯ ಮುಂದೆ ಹೇಳಿದೆ. ನಿನಗೆ ಹಾಗೆ ಹೇಳಲಾರೆ. ಅಪ್ಪ ಸತ್ತದ್ದು ನನಗೆ ಗೊತ್ತಿಲ್ಲವೇ? ಅವನ ಪಾದಕ್ಕೆ ಕೊನೆಯ ನೀರು ಹೊಯ್ದವಳೇ ನಾನು. ಆದರೆ ಕಣ್ಣು ಮಂಜಾದ ಮೇಲೆ ಅಪ್ಪ ಎಲ್ಲವನ್ನೂ ನನ್ನಿಂದಲೇ ಓದಿಸುತ್ತಿದ್ದನಲ್ಲ, ಮಾತ್ರೆಯ ಹೆಸರು, ಗ್ಯಾಸಿನ ಮೀಟರು. "ವಗೀದಾ, ಇದನ್ನಷ್ಟು ಓದೇ." ಅವನು ಹೋದ ಮೇಲೆ ನನ್ನಿಂದ ಯಾರೂ ಏನನ್ನೂ ಓದಿಸಿಕೊಂಡಿಲ್ಲ. ಅಂದು ಫೋನಿನಲ್ಲಿ ಅವನ ಹೆಸರು, ಅವನ ಫೋಟೊ ಬೆಳಗಿತು. ಅಂಕಿ ಕೇಳಿತು. ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಒತ್ತಿದೆ.

ನಿನ್ನೆ ಆ ನಂಬರನ್ನು ಮುಚ್ಚಿಸಿ ಸಹಿ ಹಾಕಿ ಬಂದೆ. ಮತ್ತೆ ಯಾರೂ ಅವನ ಹೆಸರಲ್ಲಿ ಬರುವುದಿಲ್ಲ. ನೀನಾದರೂ ಆಗಾಗ ಫೋನು ಮಾಡು, ಮಗಳೇ. ಏನಾದರೂ ಓದಲು ಹೇಳು.