ಸೋಡಾ ಕಾರ್ಖಾನೆಯ ಬೀಗದ ಕೈ

ಹಲಸೂರು, ಬೆಂಗಳೂರು ದಂಡು
2ನೇ ಮಾರ್ಚ್ 1944, ಗುರುವಾರ

ಪೂಜ್ಯ ಯಜಮಾನರಿಗೆ ನಿಮ್ಮ ಆದಿಲಕ್ಷ್ಮಿ ಮಾಡುವ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಕಳೆದ ಕಾಗದದಲ್ಲಿ ಕೆಮ್ಮು ಎಂದು ಬರೆದಿದ್ದಿರಿ. ಅದರ ಮುಂದಿನ ಎರಡು ಸಾಲಿಗೆ ಸೆನ್ಸಾರಿನವರು ಮಸಿ ಬಳಿದುಬಿಟ್ಟಿದ್ದರು. ನಿಮ್ಮ ಕೆಮ್ಮಿನಲ್ಲಿ ಅದೇನು ಯುದ್ಧದ ಗುಟ್ಟು ಇತ್ತೋ ಕಾಣೆ. ವಾಸಿಯಾಗಿದ್ದರೆ ಅದೊಂದನ್ನಾದರೂ ಮೊದಲನೇ ಸಾಲಿನಲ್ಲಿ ಬರೆಯಿರಿ, ನಿಮ್ಮ ಮೋಟಾರು ವರ್ಕ್‌ಶಾಪಿನ ಸಮಾಚಾರ ಆಮೇಲೆ ಬರಲಿ. ಇಲ್ಲಿ ಮಗಳು ಪಟಾಲು ಚೆನ್ನಾಗಿದ್ದಾಳೆ. ಅಪ್ಪನಿಗೆ ಹೇಳು ಎಂದು ಮಗ್ಗಿ ಒಪ್ಪಿಸುತ್ತಾಳೆ, ಹದಿಮೂರರ ಹತ್ತಿರ ಬಂದಾಗ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಾಳೆ. ಆ ಬುದ್ಧಿ ನನ್ನ ತವರಿನ ಕಡೆಯದಲ್ಲ. ನನ್ನ ಅಕ್ಷರ ಸೊಟ್ಟಗಿದೆ ಎಂದು ಬೈಯಬೇಡಿ, ಕೂತಿರುವ ಕಡೆ ಬೆಳಕು ಸಾಲದು.

ವಿಷಯವನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನೀವು ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಕಾರ್ಖಾನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಇದು ಇನ್ನೊಬ್ರ ಕೈಗೆ ಹೋಗ್ಬಾರ್ದು, ಲಕ್ಷ್ಮೀ” ಎಂದಿರಿ. ಅದು ಇನ್ನೊಬ್ಬರ ಕೈಗೆ ಹೋಗಿ ಇಂದಿಗೆ ಇಪ್ಪತ್ತೊಂದು ದಿನವಾಯಿತು. ನಾನೇ ಕೊಟ್ಟೆ. ಕೋಪ ಬಂದರೆ ಬರಲಿ, ಆದರೆ ಕಾಗದವನ್ನು ಪೂರ್ತಿ ಓದಿ ಆಮೇಲೆ ಹರಿದು ಹಾಕಿ.

ನೀವಿದ್ದಾಗ ಕಾರ್ಖಾನೆಯ ಸಮಸ್ತವೂ ನಿಮ್ಮ ತಲೆಯೊಳಗಿತ್ತು. ಗ್ಯಾಸಿನ ಪರ್ಮಿಟ್ಟಿಗೆ ಯಾವ ಆಫೀಸಿನಲ್ಲಿ ಯಾರನ್ನು ಕಾಣಬೇಕು, ಯಾವ ಹೋಟೆಲಿನವನು ಖಾಲಿ ಬಾಟಲಿ ವಾಪಸ್ಸು ಕೊಡಲು ಸತಾಯಿಸುತ್ತಾನೆ, ಯಂತ್ರದ ಯಾವ ಸ್ಕ್ರೂ ಸಡಿಲವಾದರೆ ಗ್ಯಾಸು ಸೋರುತ್ತದೆ, ಒಂದನ್ನೂ ಬರೆದಿಡಲಿಲ್ಲ, ಯಾರಿಗೂ ಕಲಿಸಲಿಲ್ಲ. ಕೇಳಿದರೆ “ನಾನಿದ್ದೀನಲ್ಲ” ಎನ್ನುತ್ತಿದ್ದಿರಿ. ನೀವು ಹೋದ ಮೇಲೆ ನಾನೂ ಅದೇ ರಾಗ ಹಾಡಿದೆ, ಸುಳ್ಳೇಕೆ ಹೇಳಲಿ. ಎಲ್ಲದಕ್ಕೂ ನಾನೇ ಬೇಕು ಎನ್ನುವುದರಲ್ಲಿ ಒಂದು ಜಂಬ ಇರುತ್ತದೆ. ನನಗೂ ಅದು ಬಂದಿತ್ತು. ಬೆಳಿಗ್ಗೆ ಒಲೆ ಆರಿಸಿ ಹೋದರೆ ಅಣ್ಣಮ್ಮ ತೊಳೆದ ಬಾಟಲಿಯನ್ನು ತೋರಿಸಿ ಸಾಕಾ ಎಂದು ಕೇಳುವಳು, ಕರೀಂ ಗಾಡಿ ಹೂಡಿ ಇವತ್ತು ದಂಡಿನ ಯಾವ ಗೇಟಿಗೆ ಎಂದು ಕೇಳುವನು, ಬಾಟಲಿಯ ಪೆಟ್ಟಿಗೆಗೆ ಹಾಸುವ ಹುಲ್ಲು ತಂದವನು ಎಲ್ಲಿ ಇಳಿಸಲಿ ಎಂದು ಕೇಳುವನು. ಇವರೆಲ್ಲರ ನಡುವೆ ಗ್ಯಾಸು ತುಂಬುವುದೂ ನಾನೇ. ಕೆಲವು ದಿನ ಮಧ್ಯಾಹ್ನದ ಊಟ ನೆನಪಾಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತಿತ್ತು.

ಸಂಕ್ರಾಂತಿ ಕಳೆದ ವಾರ ಸೋಲ್ಜರುಗಳ ಕ್ಯಾಂಟೀನಿನಿಂದ ನಲವತ್ತು ಡಜನ್ನಿನ ಆರ್ಡರು ಬಂತು, ಶನಿವಾರದೊಳಗೆ ಬೇಕು ಎಂದರು. ಹೊಸ ಬಾಟಲಿ ಎಲ್ಲಿಂದ ತರುವುದು? ಯುದ್ಧ ಶುರುವಾದ ಮೇಲೆ ಹಡಗಿನಲ್ಲಿ ಗೋಲಿ ಬಾಟಲಿ ಬರುವುದೇ ನಿಂತಿದೆ. ಹಳೆಯವನ್ನೇ ಮತ್ತೆ ಮತ್ತೆ ತುಂಬಬೇಕು. ನೀವಿದ್ದಾಗ ತುಂಬುವ ಮುಂಚೆ ಎರಡೆರಡು ಬಾಟಲಿಗಳನ್ನು ಒಂದಕ್ಕೊಂದು ತಾಕಿಸಿ, ಕಿವಿಗೊಟ್ಟು, ಇದು ಗಟ್ಟಿ, ಇದು ಬಿರುಕು ಎಂದು ಬೇರೆ ಮಾಡುತ್ತಿದ್ದಿರಿ. ಗಟ್ಟಿಯದು ಗಂಟೆಯಂತೆ ನುಡಿಯುತ್ತದೆ, ಬಿರುಕಿನದು ಮಡಕೆಯಂತೆ ಎಂದು ಒಮ್ಮೆ ಹೇಳಿದ್ದಿರಿ. ನನ್ನ ಕಿವಿಗೆ ಎರಡೂ ಒಂದೇ. ನಾನು ಬಿಸಿಲಿಗೆ ಹಿಡಿದು ನೋಡಿ ಬಿಡುತ್ತಿದ್ದೆ. ಆ ಶನಿವಾರ ಅದಕ್ಕೂ ಪುರುಸೊತ್ತಿರಲಿಲ್ಲ, ಅಣ್ಣಮ್ಮ ತೊಳೆದು ಕೊಟ್ಟಂತೆ ತುಂಬುತ್ತಾ ಹೋದೆ. ಯಂತ್ರದಿಂದ ಒಂದನ್ನು ಎತ್ತಿಕೊಳ್ಳುವ ಹೊತ್ತಿಗೆ ಅಣ್ಣಮ್ಮ, ಕರೀಂ, ಹುಲ್ಲಿನವನು ಮೂವರೂ ಒಟ್ಟಿಗೆ ಕರೆದರು. ತಿರುಗಿ ಉತ್ತರ ಕೊಡುವಷ್ಟರಲ್ಲಿ ಕೈಯಲ್ಲಿದ್ದ ಬಾಟಲಿ ಸಿಡಿಯಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ನನಗೆ ಸ್ವಲ್ಪ ಗಾಜು ತಾಕಿ ಎಂಟು ದಿನ ಮೈ ಸರಿಯಿರಲಿಲ್ಲ, ಕಾರ್ಖಾನೆಯ ಕಡೆ ಹೋಗಲಾಗಲಿಲ್ಲ. ಆ ಎಂಟು ದಿನವೂ ಒಂದೇ ಒಂದು ಬಾಟಲಿ ಹೊರಗೆ ಬರಲಿಲ್ಲ. ಕ್ಯಾಂಟೀನಿನವರು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಹೇಳಿ ಕಳುಹಿಸಿದರು.

ಆಗ ಕರೀಂ ತನ್ನ ಬೀದಿಯ ಅಹ್ಮದ್ ಪಾಷಾ ಸಾಹೇಬರನ್ನು ಕರೆತಂದ. ಮಿಲಿಟರಿಯ ಉಗ್ರಾಣವೊಂದರಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದು ಪೆನ್ಷನ್ ಪಡೆದವರು. ಸೋಮವಾರ, ಬುಧವಾರ, ಶುಕ್ರವಾರ ಫ್ರೇಜರ್ ಟೌನಿನ ಒಂದು ಬೇಕರಿಯ ಮೇಲ್ವಿಚಾರಣೆ ನೋಡುತ್ತಾರೆ. ಉಳಿದ ಮೂರು ದಿನ ಮಧ್ಯಾಹ್ನದವರೆಗೆ ನಮಗೆ. ಪೂರ್ತಿ ದಿನಕ್ಕೆ ಅಂಥವರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ, ಪೂರ್ತಿ ದಿನ ದುಡಿಯುವ ಆಸೆ ಅವರಿಗೂ ಇಲ್ಲ. ಸೋಡಾ ವಿಷಯ ಅವರಿಗೆ ಏನೂ ಗೊತ್ತಿಲ್ಲ, ಕುಡಿದರೆ ತೇಗು ಬರುತ್ತದೆ ಎನ್ನುವುದನ್ನು ಬಿಟ್ಟು. ಆದರೆ ಬಂದ ದಿನವೇ ಒಂದು ಸ್ಟೂಲಿನ ಮೇಲೆ ಕುಳಿತು, “ಅಮ್ಮಾ, ನೀವು ಒಂದ್ ದಿನ ಬರ್ಲಿಲ್ಲಾಂದ್ರೆ ಇಲ್ಲಿ ಏನೇನ್ ನಿಂತ್ಹೋಗ್ತದೆ?” ಎಂದು ಕೇಳಿದರು. ಎಲ್ಲಾ ನಿಂತುಹೋಗುತ್ತದೆ ಎಂದೆ. “ಹಾಗಾದ್ರೆ ಬೀಮಾರಿ ಬಾಟ್ಲೀದಲ್ಲ ಅಮ್ಮಾ” ಎಂದರು, ರೋಗ ಇರುವುದು ನನ್ನಲ್ಲೇ ಎನ್ನುವ ಹಾಗೆ. ಆ ಮಾತಿಗೆ ನನಗೆ ಸಿಟ್ಟು ಬಂತು. ಮನೆಗೆ ಬಂದು ಅತ್ತುಬಿಟ್ಟೆ.

ಅವರು ಮಾಡಿದ ಕೆಲಸ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ. ಗ್ಯಾಸು ತುಂಬುವ ಕೋಣೆಯ ಬಾಗಿಲಿಗೆ ಒಂದು ಕೆಂಪು ಬಟ್ಟೆ. ಅದು ತೂಗುತ್ತಿರುವಷ್ಟು ಹೊತ್ತು ಒಳಗಿರುವವರನ್ನು ಯಾರೂ ಕರೆಯಕೂಡದು, ಮನೆಗೆ ಬೆಂಕಿ ಬಿದ್ದರೂ. ತುಂಬುವವರು ತಂತಿಯ ಮುಖವಾಡ ಕಳಚಿದರೆ ಆ ದಿನ ಅವರಿಗೆ ಯಂತ್ರ ಇಲ್ಲ. ಗಾಡಿ ಯಾವ ದಿನ ಯಾವ ಗೇಟಿಗೆ ಎಂಬುದು ಸುಣ್ಣದಲ್ಲಿ ಗೋಡೆಯ ಮೇಲಿದೆ, ಕರೀಂ ನನ್ನನ್ನು ಕೇಳುವುದಿಲ್ಲ. ಇನ್ನು ಬಾಟಲಿಯ ಪರೀಕ್ಷೆ. ಯಾರಿಗೆ ಈ ನಾದ ಗೊತ್ತು ಎಂದು ಅವರು ಎಲ್ಲರನ್ನೂ ಕೇಳಿದರು. ಅಣ್ಣಮ್ಮ ತೊಟ್ಟಿಯಿಂದ ಕೈ ತೆಗೆದು ಸೀರೆಗೆ ಒರೆಸಿಕೊಂಡು ಬಂದು, ಇಪ್ಪತ್ತು ಬಾಟಲಿಗಳಲ್ಲಿ ಮೂರನ್ನು ಪಕ್ಕಕ್ಕಿಟ್ಟಳು. ಪಾಷಾ ಸಾಹೇಬರು ಆ ಮೂರಕ್ಕೂ ಬಿಸಿನೀರು ಹುಯ್ಯಿಸಿದರು, ಮೂರೂ ಬಾಯಿಬಿಟ್ಟವು. ಹದಿನೈದು ವರ್ಷ ನಿಮ್ಮ ಪಕ್ಕದಲ್ಲಿ ಬಾಟಲಿ ತೊಳೆದವಳಲ್ಲವೇ, ನಿಮ್ಮ ಕಿವಿ ಅವಳಿಗೂ ಬಂದಿದೆ. ಇಷ್ಟು ದಿನ ಯಾಕೆ ಬಾಯಿಬಿಡಲಿಲ್ಲ ಎಂದು ರೇಗಿದೆ. “ಯಾರೂ ಕೇಳ್ಲಿಲ್ವಲ್ಲ ತಾಯೀ” ಎಂದಳು. ಅಂದಿನಿಂದ ಬಾಟಲಿ ಆರಿಸುವ ಕೆಲಸ ಅವಳದು. ಕ್ಯಾಂಟೀನಿನವರು ಈಗ ವಾಪಸ್ಸು ಬಂದಿದ್ದಾರೆ. ಪಾಷಾ ಸಾಹೇಬರು ಇರುವ ಮೂರು ದಿನ ಬೀಗದ ಕೈ ಅವರ ಹತ್ತಿರ, ಉಳಿದ ದಿನ ನನ್ನ ಹತ್ತಿರ.

ಈಗ ಕುತ್ತಿಗೆಗೆ ಬಂದಿರುವುದು ಇದು. ಕೃಷ್ಣರಾಜಪುರದಿಂದ ಮುನಿಶಾಮಿ ಭಾವನವರು ಎರಡು ಸಲ ಬಂದು ಹೋದರು. “ತಮ್ಮ ಕೊಟ್ಟಿದ್ ಬೀಗದ್ ಕೈನ ಹೊರಗಿನೋರ್ ಕೈಗೆ ಕೊಟ್ಟಿದ್ದೀಯಲ್ಲಮ್ಮಾ, ಇದು ಹೆಂಗಸ್ರು ಮಾಡೋ ಯವಾರ ಅಲ್ಲ” ಎಂದು ಹಜಾರದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು. ಉಗಾದಿ ಕಳೆದ ಮಾರನೆಯ ದಿನ ಎತ್ತಿನ ಗಾಡಿ ತಂದು ಯಂತ್ರವನ್ನು ಬಿಚ್ಚಿ ತಮ್ಮ ತೋಟದ ಮನೆಗೆ ಸಾಗಿಸುತ್ತಾರಂತೆ, ನೀವು ಬರುವವರೆಗೆ ಕಾರ್ಖಾನೆ ಮುಚ್ಚಿರಲಿ ಎನ್ನುತ್ತಾರೆ. ನಿಮ್ಮ ಕೈಬರಹದ ಕಾಗದ ಬಂದರೆ ಮಾತ್ರ ಬಿಡುತ್ತಾರಂತೆ. ಅವರದು ಕೆಟ್ಟ ಮನಸ್ಸಲ್ಲ, ನನಗೆ ಗೊತ್ತು. ಆದರೆ ಬಿಚ್ಚಿದ ಯಂತ್ರ ಮತ್ತೆ ಕೂಡುವುದಿಲ್ಲ, ಬಿಟ್ಟ ಗಿರಾಕಿ ಮತ್ತೆ ಬರುವುದಿಲ್ಲ, ಅಣ್ಣಮ್ಮ ಎಲ್ಲಿಗೆ ಹೋಗಬೇಕು? ಇವತ್ತು ಎರಡನೇ ತಾರೀಖು. ಉಗಾದಿ ಇಪ್ಪತ್ತೈದಕ್ಕೆ. ನಿಮ್ಮ ಕಾಗದಗಳು ಒಂದೊಂದು ಸಲ ತಿಂಗಳು ಹಿಡಿಯುತ್ತವೆ. ಓದಿದ ಕೂಡಲೇ ಬರೆಯಿರಿ. ನೀವು ಬೇಡ ಎಂದರೂ ಬರೆಯಿರಿ, ಸುಮ್ಮನೆ ಮಾತ್ರ ಇರಬೇಡಿ.

ಪಟಾಲು ಮುತ್ತು ಕೊಟ್ಟಿದ್ದಾಳೆ. ಅಣ್ಣಮ್ಮ, ಕರೀಂ ನಮಸ್ಕಾರ ಹೇಳಿದ್ದಾರೆ. ಸೋಮೇಶ್ವರ ಸ್ವಾಮಿ ನಿಮ್ಮನ್ನು ಗುಂಡಿನಿಂದಲೂ ಕೆಮ್ಮಿನಿಂದಲೂ ಕಾಪಾಡಲಿ.

ಇಂತು ನಿಮ್ಮ ದಾರಿ ನೋಡುತ್ತಿರುವ,
ಆದಿಲಕ್ಷ್ಮಿ

ಮರೆತದ್ದು: ಕಾಗದವನ್ನು ಅಂಚೆಗೆ ಹಾಕಲು ಪಾಷಾ ಸಾಹೇಬರ ಕೈಗೆ ಕೊಟ್ಟೆ. “ಕಣ್ಣಿನ್ ವಿಷ್ಯ ಬರ್ದ್ರಾ ಅಮ್ಮಾ?” ಎಂದರು. ಇಲ್ಲ ಎಂದೆ. ವಾಪಸ್ಸು ಕೊಟ್ಟು ಬಾಗಿಲಲ್ಲಿ ನಿಂತಿದ್ದಾರೆ, ಅಂಚೆ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಮರೆತದ್ದು ಎಂದು ಮೇಲೆ ಹಾಕಿದ್ದು ಸುಳ್ಳು. ಬೆಳಕು ಸಾಲದು ಎಂದದ್ದೂ ಸುಳ್ಳು, ಬಿಸಿಲಿನಲ್ಲೇ ಕುಳಿತಿದ್ದೇನೆ. ಆ ಶನಿವಾರ ಮುಖವಾಡ ಎತ್ತಿ ಉತ್ತರ ಕೊಡಲು ತಿರುಗಿದೆನಲ್ಲ, ಗಾಜು ಎಡಗಣ್ಣಿಗೆ ಹೊಕ್ಕಿತು. ಎಂಟು ದಿನ ಆಸ್ಪತ್ರೆಯಲ್ಲಿದ್ದೆ. ಆ ಕಣ್ಣು ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ರಜೆ ಕೇಳಿ ಓಡಿ ಬರಬೇಡಿ, ಅಡಿಗೆ, ಲೆಕ್ಕ, ಮಗಳ ಜಡೆ ಎಲ್ಲಾ ಒಂದರಲ್ಲೇ ನಡೆಯುತ್ತಿದೆ. ಭಾವನವರಿಗೆ ಮಾತ್ರ ಒಂದು ಸಾಲು ಬರೆಯಿರಿ, ಬೀಗದ ಕೈ ಈಗ ಎಲ್ಲಿದೆಯೋ ಅಲ್ಲೇ ಇರಲಿ ಎಂದು. ಇನ್ನೊಂದು. ನೀವು ಊರಿಗೆ ಬಂದ ದಿನ ನನ್ನ ಬಲಗಡೆಯಿಂದ ಬನ್ನಿ. ಎಡಗಡೆಯಿಂದ ಬಂದರೆ ನೀವು ಬಂದದ್ದು ನನಗೆ ಕಾಣುವುದಿಲ್ಲ.